ಮೊದಲ ಸರದಿಯ ಹಾಲು

ಡೈರಿ ಬಾಗಿಲಿಗೆ ಬಂದು ದ್ಯಾವಣ್ಣ ಅಂದ:
‘ಹಳೇಬೀಡಿನ ಕೆರೆಗೆ ಹಂಸ ಇಳ್ದದೆ, ಬಾ.’
ಪುಷ್ಯದ ಮಂಜು. ಕ್ಯಾನುಗಳ ಕಂಠ ಮುಟ್ಟಿದರೆ ಕೊರೆತ.
ಲ್ಯಾಕ್ಟೋಮೀಟರು ಜೇಬಿನಲ್ಲೇ ಉಳಿಯಿತು,
ಹಾಗೇ ಹೊರಟೆ.

ಮೊದಲು ಏನೂ ಕಾಣಲಿಲ್ಲ, ಕೇಳಿತು.
ಕೊಕ್ಕರೆಯ ಕಟಕಟ ಅಲ್ಲ,
ನೀರುಕಾಗೆಯ ಗೊಗ್ಗರ ದನಿ ಅಲ್ಲ,
ಮೂಗಿನಿಂದ ಬಂದ ‘ಆಂಗ್... ಆಂಗ್...’
ಎಣ್ಣೆ ಕಾಣದ ಗಾಡಿ ದೂರದಲ್ಲಿ ಏರು ಹತ್ತಿದ ಹಾಗೆ.
ಒಂದು ಬಿಟ್ಟರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು.

‘ಹಂಸ ಹಿಂಗಾ ಕೂಗೋದು?’
‘ಗುಡೀಲಿರೋದು ಕೂಗಿದ್ನ ಯಾರ್ ಕೇಳವ್ರೆ?’

ಅಲ್ಲಿ, ಕಲ್ಲಿನ ಪಟ್ಟಿಕೆಯಲ್ಲಿ,
ಬಾಲದ ಬದಲು ಬಳ್ಳಿ ಬಿಟ್ಟುಕೊಂಡ ಸಾಲು
ಎಂಟುನೂರು ವರ್ಷದಿಂದ ಎತ್ತಿದ ಕಾಲು ಇಳಿಸಿಲ್ಲ.

ಇಲ್ಲಿ, ಮಂಜು ಹರಿದಲ್ಲಿ,
ಬೂದಿ ಮೈ. ಕಿತ್ತಳೆ ಕಾಲು.
ಅರಿಶಿನದ ಕೊಕ್ಕು, ತುದಿಗೆ ಮಸಿ.
ಬಿಳಿ ತಲೆಗೆ ಎರಡು ಕಪ್ಪು ಪಟ್ಟೆ:
ಕಣ್ಣಿಂದ ಕಣ್ಣಿಗೆ ಒಂದು, ಹೆಡಕಿನ ಮೇಲೆ ಗಿಡ್ಡದೊಂದು.
ಕತ್ತಿನಲ್ಲಿ ಕೊಂಕಿಲ್ಲ, ಕೊಡೆಯ ಕಾವು.
ಹಂಸವಲ್ಲ. ಪಟ್ಟೆತಲೆಯ ಹೆಬ್ಬಾತು.
ಹಿಮದ ಬೆಟ್ಟ ದಾಟಿ ಬಂದು
ಯಾರದೋ ರಾಗಿ ಕೂಳೆ ಮೇಯುವಂಥದು.

ಹೇಳಲು ಬಾಯಿ ತೆರೆದೆ.
ದ್ಯಾವಣ್ಣ ಹುಟ್ಟು ಕಂಕುಳಲ್ಲಿ ಒತ್ತಿಕೊಂಡು
ಉಸಿರು ಹಿಡಿದು ನಿಂತಿದ್ದ.
‘ಹಾಲು ನೀರು ಬ್ಯಾರೆ ಮಾಡ್ತಾವಂತೆ.
ನಿನ್ ಕೆಲ್ಸ ಹೋಯ್ತು ಬಿಡು.’

ಜೇಬಿನ ಗಾಜು ಮುಟ್ಟಿ ನೋಡಿಕೊಂಡೆ.
ನಿನ್ನೆ ಅವನ ಹಾಲಲ್ಲಿ ಅದು ಇಪ್ಪತ್ತಮೂರಕ್ಕೆ ನಿಂತಿತ್ತು.
ಮನೇಲಿ ಬಾಣಂತಿ ಇದ್ದಳು;
ಪುಸ್ತಕದಲ್ಲಿ ಇಪ್ಪತ್ತೆಂಟು ಬರೆದಿದ್ದೆ.

ಗುಂಪಿನಲ್ಲೊಂದು ಕತ್ತೆತ್ತಿ ನಮ್ಮನ್ನು ನೋಡಿತು.
‘ಆಂಗ್.’

‘ಹೂಂ ಕಣೋ,’ ಅಂದೆ, ‘ಹಂಸವೇ.’