ಹನ್ನೆರಡು ಏಪ್ರನ್ನು

ಪುಣೇದಾಗ, ಬಾಣೇರದ ಓಣ್ಯಾಗ, ಔಷಧದಂಗಡಿ ದಾಟಿ,
ಚಪ್ಪಲಿ ಬಿಟ್ಟು ಒಳಗ ಹೋಗೂ ಖಾನಾವಳಿ ಅದು.
ಬಾಗಲಕ್ಕ ಕೆಂಪು ಕಂದೀಲು, ಓದಾಕ ಬಾರದ ಅಕ್ಷರ:
ಗೋಲ, ಗೆರಿ, ಮತ್ತೊಂದು ಗೋಲ,
ಸಣ್ಣ ಹುಡುಗ ಗ್ವಾಡಿ ಮ್ಯಾಲ ಮನಿ ಬರದಂಗ.

ಹನ್ನೆರಡು ಏಪ್ರನ್ನು ಹೊಲದು ಕೊಟ್ಟಿದ್ದೆ ನಾನು,
ಬೂದಿ ಬಣ್ಣದ ಕಾಟನ್ನು, ಮುಂದ ಎರಡು ಕಿಸೆ.
ಒಂದು ಚೀಟಿಗೆ, ಒಂದು ಕತ್ತರಿಗೆ, ಅಂದಿದ್ಲು ಮಾಲಕಿ.
ಊಟ ಬಡಸೋರಿಗೆ ಕತ್ತರಿ ಯಾಕ ಅಂತ
ಆವತ್ತು ಕೇಳಲಿಲ್ಲ.

ರೊಕ್ಕ ಎಣಿಸಿ ಕೊಟ್ಟು ಮ್ಯಾಲ ಅಂದ್ಲು:
"ಜೇವಾಯ್ಲಾ ಯಾ." ಊಟಕ್ಕ ಬರ್ರಿ.
ಆಕಿ ಮರಾಠಿ ತಳೇಗಾಂವದ ಕಾಯಿಪಲ್ಲೆ ಸಂತ್ಯಾಗ ಕಲತದ್ದು,
ನಂದು ಜತ್ತ ಬಿಟ್ಟು ಗಂಡನ ಮನಿಗೆ ಬಂದ ಮ್ಯಾಲ.
ಇಬ್ಬರಿಗೂ ಬಾಡಿಗಿ ಮನಿ ಆ ಭಾಷಾ;
ಮೊಳಿ ಹೊಡಿಯಾಕ ಅಂಜಿಕಿ, ಬದುಕಾಕ ಸಾಕು.

ಗುರುವಾರ, ಕರೆಂಟಿಲ್ಲದ ದಿನ, ಮಶೀನ್ ಮುಚ್ಚಿ ಹೋದೆ.
ಸಂಗಡ ಕಾಜಾ-ಗುಂಡಿ ಮಾಡೂ ಶೇವಂತಾ.
ಕುಂತ ಕೂಡಲೇ ಮೇಜಿನ ತುಂಬ ಸಣ್ಣ ಸಣ್ಣ ಬಟ್ಟಲ:
ಮೊಳಕಿ ಕಾಳು, ಪಾಲಕ, ಎಳ್ಳೆಣ್ಣಿ ಹಚ್ಚಿದ ಬದನಿಕಾಯಿ.
"ನಾವಿನ್ನೂ ಏನೂ ಹೇಳೇ ಇಲ್ಲಲ್ಲ!"
ಶೇವಂತಾ ಪರ್ಸು ಮುಟ್ಟಿ ನೋಡಿಕೊಂಡ್ಲು.
ಇವಕ್ಕ ಬಿಲ್ಲಿಲ್ಲ, ಮುಗದಂಗ ಮತ್ತ ಹಾಕ್ತಾರ ಅಂತ ತಿಳದ ಮ್ಯಾಲ
ಬೆನ್ನು ಸಡಿಲ ಬಿಟ್ಟು ಕುಂತ್ಲು.

ಆ ಕಡೆ ಮೇಜಿನ್ಯಾಗ ಕಾಲೇಜು ಹುಡುಗೂರು
ಬಡಸೂ ಹುಡುಗಿ ಸಂಗಡ ಫೋಟೋ ಹೊಡಕೊಳ್ಳಾಕ ಹತ್ತಿದ್ದರು,
ಸೀರಿಯಲ್ಲಿನ ಕೊರಿಯಾದಾಕಿ ಸಿಕ್ಕಳು ಅಂತ.
ಆಕಿ ಐಜಾಲದಾಕಿ. ನಕ್ಕು ನಿಂತ್ಲು.
ಆಮ್ಯಾಲ ಕಿಸೆಯಿಂದ ಕತ್ತರಿ ತಗದು
ಅವರ ಮಾಂಸ ಕಟಕಟ ಕತ್ತರಿಸಿ ಹೋದ್ಲು,
ನಾ ಫಾಲ್ ಹಚ್ಚೂ ಮುಂದ ಅಂಚು ಕತ್ತರಿಸಿದಂಗ.

ನಮ್ಮ ಮುಂದ ಕಲ್ಲಿನ ಬೋಗುಣಿ, ತಳದಾಗ ಅನ್ನ ಚುರ್ ಅನ್ನೂದು.
ಶೇವಂತಾ ಕೈಲೇ ಕಲಸಾಕ ಹೋಗಿ ಬೆರಳು ಸುಟ್ಟಕೊಂಡ್ಲು.
ಮ್ಯಾಲ ಒಂದು ಚಮಚ ಕೆಂಪಂದು. ನಾಲಗಿಗೆ ಇಟ್ಟೆ.
ಇದು ರಂಜಕ. ಅಲ್ಲ, ರಂಜಕದ ದೂರದ ತಂಗಿ,
ಬೆಲ್ಲ ತಿಂದು ಬೆಳದಾಕಿ.
ಖಾರ ಮೊದಲು ಸುಮ್ಮನಿದ್ದು
ಆಮ್ಯಾಲ ಕಿವಿ ಹಿಂದಿನಿಂದ ಬಂತು.

ಮಾಲಕಿ ತಾನೇ ಒಂದು ಡಬ್ಬಿ ತಂದಿಟ್ಲು, ಹುಳಿ ಬಂದ ಕ್ಯಾಬೇಜು.
"ಮೀನದ ರಸ ಹಾಕಿಲ್ಲ. ನಿಮಗಂತ ಬ್ಯಾರೆ ಇಟ್ಟದ್ದು.
ಹನ್ನೊಂದು ದಿನ ಆತು."
ಹನ್ನೊಂದು ದಿನದ ಹಿಂದ ನಾನಿನ್ನೂ ಬಟ್ಟಿ ಕತ್ತರಿಸಿರಲಿಲ್ಲ.
ಅಳತಿ ಹೇಳಾಕ ಬಂದಾಕಿ ಕೇಳಿದ್ದು ಖರೆ, ಮೀನ ತಿಂತೀರೇನು ಅಂತ;
ಮಾತಿಗೆ ಮಾತು ಅಂತ ತಿಳದಿದ್ದೆ.

ಮುಚ್ಚಳದ ಮ್ಯಾಲ ಚೀಟಿ. ಆ ಗೋಲ, ಆ ಗೆರಿ.
"ಇದು ನನ್ನ ಹೆಸರೇನು?"
ಆಕಿ ಕೆಂಪಾದ್ಲು. "ಟೇಲರ್. ಅಷ್ಟೇ ಬರದೀನಿ."

ನಾ ನಗಲಿಲ್ಲ. ನನ್ನ ಅಳತಿ ವಹಿಯಾಗ
ಮೂರು ವರ್ಷದಿಂದ ಆಕಿ ಕೊರಿಯಾ ಬಾಯಿ:
ಎದಿ ಮೂವತ್ತಾರು, ಎಡಗಡೆ ಭುಜ ತುಸು ಇಳಕು.
ಇಳಕು ಯಾಕ ಅಂತ ಬರದಿಲ್ಲ.

"ಮಹಾನಂದಾ," ಅಂದೆ.
"ಮಾ-ಹಾ-ನಾನ್-ದಾ." ಒಂದಕ್ಷರ ನುಂಗಲಿಲ್ಲ ಆಕಿ.
ಅತ್ತಿ ಮನ್ಯಾಗ ಮೂವತ್ತು ವರ್ಷ ನಾ ಬರೇ ಮಾನಂದಿ.
ಆಕಿ ಹೆಸರು ಕೇಳಿ, ಮೊದಲ ಸ್ವರದಾಗೇ ಎಡವಿದೆ:
ಉ ಅಲ್ಲ, ಇ ಅಲ್ಲ, ಎರಡರ ಸಂದ್ಯಾಗ ಹಲ್ಲು ಬಿಟ್ಟು ನಿಂತದ್ದು.
ನಾಕು ಸಲ ಅಂದೆ, ನಾಕು ಸಲ ತಲಿ ಅಲ್ಲಾಡಿಸಿದ್ಲು.
ಐದನೇದಕ್ಕ "ಚಾಲೇಲ್, ನಡೀತದ" ಅಂತ
ಪಾಲಕದ ಬಟ್ಟಲ ಮತ್ತ ತುಂಬಿದ್ಲು.

ಎದ್ದು ಚಪ್ಪಲಿ ಹುಡುಕೂ ಹೊತ್ತಿಗೆ ಕಂಡಿತು:
ಐಜಾಲದ ಹುಡುಗಿ ಏಪ್ರನ್ನು, ಎಡಗಡೆ ಕಿಸೆ,
ಕತ್ತರಿ ಭಾರಕ್ಕ ಮೂಲಿ ಬಿಚ್ಚೇದ.
ಒಂದು ಹೊಲಿಗಿ ಹಾಕಿದ್ದೆ, ಎರಡು ಹಾಕಬೇಕಿತ್ತು.
"ನಾಳೆ ಹನ್ನೆರಡೂ ಕಳಸ್ರಿ," ಅಂದೆ. "ರೊಕ್ಕ ಬ್ಯಾಡ."

ಡಬ್ಬಿ ಬಗಲಾಗ ತಣ್ಣಗಿತ್ತು.
ರಿಕ್ಷಾದವ ಮೂಗು ಏರಿಸಿ, ಏನ ವಾಸನಿ ಬಾಯಿ ಇದು, ಅಂದ.
ಊಟ, ಅಂದೆ. ಮೀಟರ್ ಹಾಕು.