ಡಿಕ್ಕಿಯಲ್ಲಿದ್ದ ಚಾಪೆ

ಕಾರು ಕೊಂಡಾಗ ಡಿಕ್ಕಿಯಲ್ಲೇ ಇತ್ತು ಈ ಪ್ಲಾಸ್ಟಿಕ್ ಚಾಪೆ,
ಹಸಿರು ಹಳದಿ ಪಟ್ಟೆ, ಮೂಲೆಯಲ್ಲಿ ನೀಲಿ ಶಾಯಿ:
‘ರಿಹಾನ್, ಎರಡನೇ ಸಿ.’
ಮಾರಿದವರು ಆ ವಾರವೇ ಭಟ್ಕಳಕ್ಕೆ ಹೊರಟಿದ್ದರು.
ಫೋನು ಮಾಡಿದೆ. ‘ಇಟ್ಕೊಳ್ಳಿ ಮಾರಾಯ್ರೆ,
ಲಗೇಜಲ್ಲಿ ಅದಕ್ಕೆಲ್ಲಿ ಜಾಗ’ ಅಂದರು.

ಸೊಹಾರಿನಲ್ಲಿ ವರ್ಷ ಹುಟ್ಟುವುದು ಅಕ್ಟೋಬರಿನಲ್ಲಿ,
ಬಿಲ್ಡಿಂಗಿನಲ್ಲಿ ಯಾರೋ ಒಬ್ಬರು ಮೊದಲು ಕಿಟಕಿ ತೆಗೆದ ಸಂಜೆ.
ನೀಲವ್ವನ ಆಸ್ಪತ್ರೆ ಡ್ಯೂಟಿ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ.
ನಮ್ಮ ಪಂಚಾಂಗ ಅದೇ:
ಖಾಲಿ ಚೌಕ ಬಂದರೆ ಹಬ್ಬ.

ನವೆಂಬರಿನಲ್ಲಿ ರಸ್ತೆ ತುಂಬ ಕೆಂಪು, ಬಿಳಿ, ಹಸಿರು ದೀಪ.
ತೋಂಟೇಶ ಹಿಂದಿನ ಗಾಜಿಗೆ ಬಾವುಟ ಅಂಟಿಸಿದ,
ತಲೆಕೆಳಗಾಗಿ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯ ಮುದುಕ
ನಕ್ಕು, ಇಳಿದು ಬಂದು, ಬಿಡಿಸಿ, ನೆಟ್ಟಗೆ ಅಂಟಿಸಿ ಹೋದ.
ಹಸಿರು ದೀಪ ಬಂದಿತ್ತು. ಯಾರೂ ಹಾರ್ನ್ ಒತ್ತಲಿಲ್ಲ.

ಚಳಿಯ ಶುಕ್ರವಾರ ಗೂಳಿ ಕಾಳಗ.
ಕೊಂಬಿಗೆ ಕೊಂಬು, ಹಗ್ಗ ಹಿಡಿದ ಗಂಡಸರು,
ಬಿಳಿ ದಿಶ್ದಾಶಗಳ ಮೇಲೆ ಧೂಳು. ರಕ್ತವಿಲ್ಲ,
ಹಿಂದೆ ಸರಿದದ್ದು ಸೋತಿತು, ಅಷ್ಟೆ.
ಮೂರು ತಿಂಗಳ ವೀಸಾದಲ್ಲಿ ಬಂದ ಮಾವ
ಚಾಪೆಯ ಮೇಲೆ ಕೂರಲೇ ಇಲ್ಲ.
ಒಬ್ಬ ಒಡೆಯನ ಬಳಿ ಹೋಗಿ, ‘ಹೋರಿ ಛಲೋ ಐತಿ,
ಎಷ್ಟ ಹಲ್ಲಿಂದು?’ ಅಂದರು. ಅವನು ಅರಬ್ಬಿಯಲ್ಲಿ ಏನೋ ಹೇಳಿದ.
ಇಳಿಲಿನ ಮೇಲೆ ಇಬ್ಬರ ಕೈ,
ಹತ್ತು ನಿಮಿಷ ಮಾತಾಡಿದರು ಇಬ್ಬರೂ ಹಾಗೆಯೇ.
ಮರಳುವಾಗ ಮಾವ ಕಾರಿನಲ್ಲಿ: ‘ಆ ಮನಷ್ಯಾ
ಹತ್ತೀಕಾಳು ಹಾಕತಾನಂತ.’

ರಂಜಾನ್ ಅರ್ಧವಾದ ರಾತ್ರಿ ಪಕ್ಕದ ಮನೆಯ ಮೋಝಾ
ಇಂಚರಾಳ ಕೊರಳಿಗೂ ಒಂದು ಬಟ್ಟೆಚೀಲ ತೂಗುಹಾಕಿದಳು.
ಮನೆ ಮನೆ ಬಾಗಿಲು, ಕಲ್ಲು ಕುಟ್ಟಿ ಹಾಡು,
ಕಡಲೆ, ಚಾಕಲೇಟು, ನೂರು ಬೈಸದ ನಾಣ್ಯ.
ನೈಟ್ ಡ್ಯೂಟಿ ಮುಗಿಸಿ ಬಂದ ಅವ್ವನಿಗೆಂದು
ದಿಂಬಿನ ಪಕ್ಕ ಏಳು ಕಡಲೆ ಎಣಿಸಿ ಇಟ್ಟು ಮಲಗಿದ್ದಳು.

ಏಪ್ರಿಲಿನಲ್ಲಿ ಗುಲಾಬಿ ನೋಡಲು ಹಸಿರು ಬೆಟ್ಟಕ್ಕೆ
ಮೂರು ತಾಸು ಓಡಿಸಿದೆ. ಬೆಟ್ಟದ ಬುಡದಲ್ಲಿ ಪೊಲೀಸು:
ಫೋರ್ ವೀಲ್ ಗಾಡಿಗಷ್ಟೇ ದಾರಿ.
ನಮ್ಮ ಸನ್ನಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ, ಪಾಪ.
ಕೆಳಗಿನ ಖರ್ಜೂರ ತೋಟದ ಕಾಲುವೆ ಪಕ್ಕ ಚಾಪೆ ಹಾಸಿ
ರೊಟ್ಟಿ, ಶೇಂಗಾ ಚಟ್ನಿ, ಮೊಸರು.
ಬೆಟ್ಟ ಇಳಿದು ಬಂದ ಯಾರದೋ ಜೀಪಿನಿಂದ
ಘಮ ಮಾತ್ರ ನಮ್ಮ ತನಕ ಬಂತು.

ಅಲ್ಲೇ ಇಂಚರಾ ಬೆರಳಿಟ್ಟು ಓದಿದಳು:
‘ಅಪ್ಪಾ, ಈಗ ನಾನೂ ಎರಡನೇ ಸಿ. ರಿಹಾನ್ ಈಗ ಎಷ್ಟನೇದು?’
ಲೆಕ್ಕ ಹಾಕಿದೆ. ಎಂಟು. ಇಲ್ಲ, ಒಂಬತ್ತು.
‘ಮೀಸಿ ಬಂದಿರತಾವ ಬಿಡು,’ ಅಂದಳು ನೀಲವ್ವ.
ಆ ಮೂಲೆಯ ಮೇಲೆ ಅವತ್ತು ಯಾರೂ ಕೂರಲಿಲ್ಲ.

ಜೂನಿನಿಂದ ಚಾಪೆ ಡಿಕ್ಕಿಯಲ್ಲೇ ಬೇಯುತ್ತದೆ.
ನಮ್ಮ ಸವಾರಿ ಹೈಪರ್‌ಮಾರ್ಕೆಟ್ಟಿಗೆ, ಟ್ರಾಲಿಯಲ್ಲಿ ತೋಂಟೇಶ.
ಮಂಜುಗಡ್ಡೆಯ ಮೇಲಿನ ಮೀನುಗಳ ಮುಂದೆ ಅರ್ಧ ತಾಸು,
ಕೊಳ್ಳದ ನಾವು, ಕಾಯದ ಅವು.
ಏಸಿಗೆ ದುಡ್ಡಿಲ್ಲ, ಬೆಳಕಿಗೆ ದುಡ್ಡಿಲ್ಲ.
ಕೊನೆಗೆ ಒಂದು ಕೊತ್ತಂಬರಿ ಕಟ್ಟು ಕೊಂಡು, ನಾಚಿಕೆಗೆ, ಹೊರಬಂದೆವು.

ನಿನ್ನೆ ಸಂಜೆ ಎರಡನೇ ಮಹಡಿಯವರ ಕಿಟಕಿ ತೆರೆದಿತ್ತು.
ಚಾಪೆಯನ್ನು ಬಾಲ್ಕನಿಗೆ ತಂದು ಜಾಡಿಸಿದೆ:
ಕಡಲ ಮರಳು, ಕಡಲೆ ಸಿಪ್ಪೆ,
ಪಕ್ಕದವರ ಮಿಶ್ಕಾಕಿನ ಕೆಂಡ ಹಾರಿ ಸುಟ್ಟ ತೂತಿನ ಕರಿ,
ಗೂಳಿ ಎಬ್ಬಿಸಿದ ಧೂಳು.
ಕೆಳಗೆ ವಾಚ್‌ಮನ್ನನ ಚಹಾಕ್ಕೇ ಬಿತ್ತು ಎಲ್ಲವೂ.
ಅವನು ತಲೆ ಎತ್ತಿ ಬಯ್ಯಲು ಹೊರಟು,
ಚಾಪೆ ಕಂಡು, ಲೋಟ ಕೆಳಗಿಟ್ಟು ಕೇಳಿದ:
‘ನಾಳೆ ಯಾವ ಕಡೆ, ಭಾಯಿ?’