ಬರತಕ್ಕದ್ದು

ನೂಲು ತೀರಿದ ಮೇಲೆ ಮಗ್ಗದ ಮನೆಯವರು
ಓಣಿಗೆ ಒಗೆಯುವ ರಟ್ಟಿನ ಕೊಳವೆಗಳನ್ನು
ನಾನೇ ಆರಿಸಿ ತಂದೆ, ಒಂದು ಚೀಲ.
ಬೆಟಗೇರಿಯಲ್ಲಿ ಇವಕ್ಕೆ ಬರವಿಲ್ಲ.
ಅಂಟಿಗೂ ಇಲ್ಲ. ನೂಲಿಗೆ ಹಚ್ಚುವ ಗಂಜಿಯನ್ನು
ತಂಬಿಗೆ ತುಂಬ ಕೊಟ್ಟ ನೀಲವ್ವ ನಕ್ಕಳು:
"ಯಾಕ್ರಿ ಟೀಚರ್, ಏಸುಸ್ವಾಮಿಗೆ ಸೀರಿ ನೇಯ್ತೀರೇನು?"

ಸಂಡೇ ಸ್ಕೂಲಿನ ಹದಿನಾಲ್ಕು ಮಕ್ಕಳು,
ಎರಡೇ ಕತ್ತರಿ.
ತಳ ಕೂಡಿಸಿ, ಮುಚ್ಚಳ ಮೆತ್ತಿ,
ಬ್ಲೇಡು ಮಾತ್ರ ನಾನೇ ಹಿಡಿದು
ಸೀಳಿದೆ ಒಂದೊಂದಕ್ಕೆ ಒಂದೊಂದು ಬಾಯಿ.
ಹಳೆಯ ಲಗ್ನಪತ್ರಿಕೆಗಳ ಬಂಗಾರದ ಕಾಗದ ಹಚ್ಚಿದರು.
ಪ್ರಿಸ್ಕಿಲ್ಲಳ ಡಬ್ಬಿಯ ಮೇಲೆ
ಗಣಪತಿಯ ಸೊಂಡಿಲು ಅರ್ಧ ಉಳಿದಿತ್ತು.
ಯಾರ ಮನೆಯ ಮದುವೆಯೋ, ಚೆನ್ನಾಗಿ ಬಾಳಲಿ
ಎಂದುಕೊಂಡು ಸುಮ್ಮನಾದೆ.
ದಯಾಸಾಗರ ತನ್ನದಕ್ಕೆ ಕಣ್ಣು ಬರೆದ, ಮೀಸೆ ಬರೆದ,
"ಹಸದಾನ್ರಿ ಇಂವ" ಎಂದು
ನನ್ನ ಪರ್ಸಿನಿಂದಲೇ ಒಂದು ರೂಪಾಯಿ ಉಣಿಸಿದ.

ಈ ರೊಕ್ಕ ಎಲ್ಲಿಗೆ ಹೋಗತೈತಿ?
ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಗಳಿಗೆ
ಔಷಧ ಒಯ್ಯುವ ಮಿಷನ್ನಿನ ನರ್ಸಬಾಯಿ ಇದ್ದಾರೆ,
ಅವರ ಸ್ಕೂಟರಿನ ಹಿಂದಿನ ಗಾಲಿಗೆ ಟಾಯರು, ಎಂದೆ.
"ನನ್ನ ಒಂದ್ ರೂಪಾಯಿಗೆ ಟಾಯರು ಎಷ್ಟ್ ಬರತೈತ್ರಿ?"
ಕೇಳಿದವನು ಹನೋಕ.
ಹೆಬ್ಬೆರಳಿನ ಉಗುರು ತೋರಿಸಿದೆ, ಇಷ್ಟು.
ಅವನು ತನ್ನ ಉಗುರನ್ನು ಬಹಳ ಹೊತ್ತು ನೋಡಿಕೊಂಡ.

ಬೂದಿ ಬುಧವಾರ ಒಯ್ದವರು
ಗರಿಗಳ ಭಾನುವಾರ ತಂದರು.
ಕೆಲವಕ್ಕೆ ಜಿರಲೆ ಗಂಜಿಯ ರುಚಿ ಹತ್ತಿತ್ತು.
ಮೀಸೆಯವನು ಒಂದು ಕಣ್ಣು ಕಳೆದುಕೊಂಡಿದ್ದ.
ಆರಾಧನೆ ಮುಗಿದ ಮೇಲೆ ಚಾಪೆ ಹಾಸಿ
ಸುರಿದು ಎಣಿಸಿದವರು ಖಜಾಂಚಿ ಯೋಬಪ್ಪನವರು,
ಗದಗ ಸ್ಟೇಷನ್ನಿನಲ್ಲಿ ಟಿಕೀಟು ಕೊಟ್ಟು ನಿವೃತ್ತರಾದವರು,
ನಾಲ್ಕಾಣೆ ತಪ್ಪಿದರೆ ಊಟ ಬಿಡುವ ಮನುಷ್ಯ.

ಹನೋಕನ ಡಬ್ಬಿ ಹಗುರ.
ಅಲ್ಲಾಡಿಸಿದರೆ ಸರಬರ, ಅಷ್ಟೇ.
ಮುಚ್ಚಳ ಎಬ್ಬಿಸಿದಾಗ ಒಂದು ಚೀಟಿ ಬಿತ್ತು.
ಹಿಂದೆ ಕಂಡಿಕೆ ಸುತ್ತಿದ ವಾರದ ಲೆಕ್ಕ,
ಮುಂದೆ, ಗುಂಡು ಅಕ್ಷರದಲ್ಲಿ:
"ಹಾಲಿಗೆ ಆರು. ಗುಳಿಗೆಗೆ ಐದು.
ಹುಡುಗ ಕೂಡಿಸಿದ್ದು ಎಲ್ಲಾ ನಾ ತಗೊಂಡೀನಿ.
ಕೊಡತೀನಿ.
ಲೇಯವ್ವ."

ಹುಡುಗ ಕಂಬದ ಹಿಂದೆ ನಿಂತಿದ್ದ.
ನನ್ನ ಕೈ ಪರ್ಸಿಗೆ ಹೋಯಿತು.
ಯೋಬಪ್ಪನವರು ಕನ್ನಡಕದ ಮೇಲಿಂದ ನೋಡಿದರು:
"ಬ್ಯಾಡ್ರಿ. ಆಕಿ ಬೇಡಿಲ್ಲ, ಕಡಾ ತಗೊಂಡಾಳ.
ನೀವು ತುಂಬಿದರ ಆಕಿ ಮಾತು ಸುಳ್ಳಾಗತೈತಿ."
ವಹಿ ಬಿಡಿಸಿ ಬರೆದರು:
ಮಕ್ಕಳ ಡಬ್ಬಿ ಹದಿಮೂರು, ನಗದು
ಒಂದು ಸಾವಿರದ ಮುನ್ನೂರ ನಲವತ್ತೆರಡು.
ಡಬ್ಬಿ ಒಂದು, ಬರತಕ್ಕದ್ದು, ಹನ್ನೊಂದು.
ಚೀಟಿಗೆ ಗುಂಡುಪಿನ್ನು ಚುಚ್ಚಿದರು.
ಆ ಅಂಕಣದಲ್ಲಿ ಅಂಗಡಿ ಬಾಡಿಗೆ ಬಿಟ್ಟು
ಬೇರೇನನ್ನೂ ಅವರು ಬರೆದದ್ದು ನಾನು ಕಂಡಿರಲಿಲ್ಲ.

ಈಸ್ಟರಿನ ಬೆಳಗ್ಗೆ, ಎಲ್ಲರೂ ಕೈಕುಲುಕುವಾಗ,
ಲೇಯವ್ವ ಕಾಣಿಕೆಯ ತಟ್ಟೆಗೆ ಹಾಕದೆ
ನೇರ ಖಜಾಂಚಿಯ ಮೇಜಿಗೆ ಬಂದಳು.
ನಾಲ್ಕು ರೂಪಾಯಿ ಎಣಿಸಿ ಕೊಟ್ಟಳು.
ರಸೀದಿ ಕೇಳಿದಳು.
ಕೊಟ್ಟರು, ಸಹಿ ಮಾಡಿ, ತಾರೀಖು ಹಾಕಿ.

ಅದರ ಮುಂದಿನ ವಾರ ನರ್ಸಬಾಯಿ
ಹೊಸ ಟಾಯರು ತೋರಿಸಲು ಬಂದಿದ್ದರು.
ಮಕ್ಕಳು ಹಾರ್ನು ಬಾರಿಸಿ ಬಾರಿಸಿ ಸಾಕಾದರು.
ಹನೋಕ ಒಬ್ಬನೇ ಹಿಂದಿನ ಗಾಲಿಯ ಬದಿ ಕುಕ್ಕರಿಸಿ
ಹೆಬ್ಬೆರಳಿಟ್ಟು ಅಳೆಯುತ್ತಿದ್ದ, ಒಂದು, ಎರಡು,
ಏಳಕ್ಕೆ ನಿಲ್ಲಿಸಿ
ಸಂಡೇ ಸ್ಕೂಲಿನ ಸೀಮೆಸುಣ್ಣದಿಂದ ಗೆರೆ ಎಳೆದ.
"ಇಲ್ಲೀತನಕ ಇನ್ನೂ ನಮ್ಮವ್ವ ಕೊಡಬೇಕ್ರಿ.
ಸಾವಕಾಶ ಹೊಡೀರಿ."

ನರ್ಸಬಾಯಿ ಬಗ್ಗಿ ನೋಡಿದರು, ನಗಲಿಲ್ಲ.
ಆಗಲಪ್ಪ, ಎಂದು ಕಿಕ್ ಹೊಡೆದು
ಮುಂಡರಗಿ ರಸ್ತೆ ಹಿಡಿದರು.
ಗಾಲಿ ಸುತ್ತುವಾಗ ಆ ಬಿಳಿ ಗೆರೆ
ಮೇಲೆ, ಕೆಳಗೆ, ಮೇಲೆ,
ಕೆರೆಯ ತಿರುವಿನತನಕ ನನಗೂ ಕಾಣುತ್ತಿತ್ತು.